ಯಜಮಾನಿಯ ಕಾಲಿನ ಹಗ್ಗ

ಲಾಳದಕ್ಕ ಕುದುರೆಯ ಮುಖಕ್ಕಿಂತ ಮೊದಲು ಕಾಲು ನೋಡುವವಳು. ಮನುಷ್ಯರ ವಿಷಯದಲ್ಲೂ ಅಷ್ಟೇ; ಮನೆಗೆ ಬಂದವರ ಚಪ್ಪಲಿ ಸವೆದ ಬಗೆ ನೋಡಿಯೇ ಇವರ ಜೊತೆ ಎಷ್ಟು ಮಾತು ಸಾಕು ಎಂದು ತೀರ್ಮಾನಿಸುತ್ತಿದ್ದಳು. ಗೊರಸು ಕೆತ್ತಿ ಲಾಳ ಹೊಡೆಯುತ್ತ ಇಪ್ಪತ್ತು ವರ್ಷ ಕಳೆದವಳು ಇನ್ನೇನು ನೋಡಿಯಾಳು? ಹಾಗಾಗಿ ಅಣ್ಣನ ಹುಲ್ಲುಗಾವಲಿನಿಂದ ತೋಳಗಳು ಎರಡನೆಯ ಕುದುರೆಮರಿಯನ್ನೂ ಎಳೆದೊಯ್ದ ಬೆಳಿಗ್ಗೆ, ಎಲ್ಲರೂ ಬೇಲಿ ನೋಡಲು ಓಡಿದರೆ ಇವಳು ಚೀಲ ಹೆಗಲಿಗೇರಿಸಿಕೊಂಡು ಕುದುರೆಗಳ ಕಾಲು ನೋಡಲು ಹೋದಳು.

ಅಣ್ಣ ಆಗಲೇ ನಿರ್ಧಾರ ಮಾಡಿಯಾಗಿತ್ತು. "ಉಳಿದಿರೋದು ಒಂದೇ ಮರಿ. ಅದೂ ಹೋದ್ರೆ ಅಷ್ಟೂ ಕುದುರೆಗಳನ್ನ ಮಾರಿಬಿಡ್ತೀನಿ. ದಲ್ಲಾಳಿಗೆ ಹೇಳಿಯಾಗಿದೆ."

ಪಾಪ, ಅವನೂ ಸುಮ್ಮನೆ ಕೂತಿರಲಿಲ್ಲ. ದೀಪ ಇಟ್ಟು ನೋಡಿದ್ದ, ತಗಡು ಬಡಿದು ನೋಡಿದ್ದ. ತಂಗಿಯ ಮಾತು ಕೇಳಿ ಕರುವಿನ ಗಾತ್ರದ ನಾಯಿಯೊಂದನ್ನು ತಂದಿದ್ದ. ಅದು ತೋಳ ಊಳಿಟ್ಟ ಮೊದಲ ಸಲವೇ ಕಾಲಿಗೆ ಬುದ್ಧಿ ಹೇಳಿ ಅತ್ತಿಗೆಯ ಅಡುಗೆಮನೆ ಸೇರಿಕೊಂಡಿತ್ತು. ಅಂದಿನಿಂದ ತಂಗಿಯ ಸಲಹೆಗೆ ಅವನು ಸೊಪ್ಪು ಹಾಕುತ್ತಿರಲಿಲ್ಲ.

ಹನ್ನೊಂದು ಕುದುರೆಗಳಲ್ಲಿ ಎಂಟು ಹುಟ್ಟಿದ್ದು ಲಾಳದಕ್ಕನ ಕೈಯಲ್ಲೇ. ಅವನ್ನು ಯಾರಿಗೋ ಹಿಡಿದುಕೊಡಲು ಅವಳು ಬಿಡುವವಳಲ್ಲ.

ಹಿಂಡಿನ ಹಿರಿಯ ಹೆಣ್ಣು ಕುದುರೆಗೆ ಯಜಮಾನಿ ಎಂದು ಹೆಸರು. ಯಜಮಾನಿ ನೀರಿಗೆ ಹೊರಟರೆ ಎಲ್ಲ ಹೊರಡುತ್ತವೆ, ನಿಂತರೆ ಎಲ್ಲ ನಿಲ್ಲುತ್ತವೆ. ಗಾವಲಿಗೆ ಬೇಲಿ ಇರುವುದು ರಸ್ತೆಯ ಕಡೆಗೆ ಮಾತ್ರ, ಗುಡ್ಡದ ಕಡೆ ಬಟ್ಟಬಯಲು. ಹಿಂಡು ದಾರಿ ತಪ್ಪಿ ಹೋಗದಿರಲೆಂದು ಅಪ್ಪನ ಕಾಲದಿಂದ ಈ ಮನೆಯಲ್ಲೊಂದು ಪದ್ಧತಿ. ಸಂಜೆಯಾದರೆ ಯಜಮಾನಿಯ ಮುಂಗಾಲುಗಳೆರಡನ್ನೂ ಗೇಣುದ್ದದ ಹಗ್ಗದಿಂದ ಜೋಡಿಸಿ ಕಟ್ಟುವುದು. ಒಂದನ್ನು ಕಟ್ಟಿದರೆ ಉಳಿದ ಹತ್ತೂ ಅಲ್ಲೇ ಇರುತ್ತವೆ.

ಅವತ್ತು ಲಾಳದಕ್ಕ ಆ ಹಗ್ಗ ಸರಿಸಿ ನೋಡಿದಳು. ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಸುತ್ತಲಿನ ಕೆಸರಲ್ಲಿ ಕುಪ್ಪಳಿಸಿ ಕುಪ್ಪಳಿಸಿ ಸುತ್ತಿದ ಗುರುತುಗಳಿದ್ದವು. ಉಳಿದ ಕುದುರೆಗಳ ಗೊರಸಿನ ಅಚ್ಚುಗಳು ಯಜಮಾನಿಯ ಎರಡೂ ಪಕ್ಕ ಒತ್ತಾಗಿ ಮೂಡಿದ್ದವು, ಓಡಿದ ಗುರುತು ಒಂದೂ ಇಲ್ಲ. ಮರಿಯನ್ನು ಎಳೆದೊಯ್ದ ಗೆರೆ ಯಜಮಾನಿಯ ಮುಂದಿನಿಂದಲೇ ಹೋಗಿತ್ತು.

"ಅಣ್ಣಾ, ಇಲ್ಲಿ ಬಾ. ಇವು ಹೆದರಿ ಓಡಿಲ್ಲ ಕಣೋ. ಮರಿಗಳನ್ನ ಮಧ್ಯ ಹಾಕ್ಕೊಂಡು ಸುತ್ತ ನಿಂತಿವೆ. ತೋಳ ನುಗ್ಗಿರೋದು ಇವಳಿದ್ದ ಕಡೆಯಿಂದ. ಕಾಲು ಕಟ್ಟಿಸಿಕೊಂಡವಳು ತಿರುಗಿ ಒದೆಯೋದು ಹೇಗೆ?"

"ಅಪ್ಪ ಕಟ್ತಿರಲಿಲ್ವಾ?"

"ಅಪ್ಪನ ಕಾಲದಲ್ಲಿ ತೋಳ ಎಲ್ಲಿತ್ತು?" ಎಂದವಳೇ ಗೊರಸು ಕೆತ್ತುವ ಬಾಗಿದ ಚಾಕು ತೆಗೆದು ಹಗ್ಗವನ್ನು ಕಚಕ್ಕನೆ ಕತ್ತರಿಸಿದಳು.

ಅಣ್ಣನ ಮುಖ ಕೆಂಪೇರಿತು. "ನಾಳೆ ಹಿಂಡು ಗುಡ್ಡ ದಾಟಿ ಹೋಗಿದ್ರೆ ಮತ್ತೆ ಈ ಗಾವಲಿಗೆ ಕಾಲಿಡಬೇಡ" ಎಂದು ಹೇಳಿ, ಮುಖ ಊದಿಸಿಕೊಂಡು ಒಳಗೆ ಹೋದ. ಆದರೂ ಸಂಜೆ ಬೇರೆ ಹಗ್ಗ ಕಟ್ಟಲು ಬರಲಿಲ್ಲ. ಕೆಸರಿನ ಗುರುತನ್ನು ಅವನೂ ನೋಡಿದ್ದ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಗಾವಲಿಗೆ ಬಂದರು, ಅಣ್ಣನ ಕೈಯಲ್ಲಿ ತಗಡು. ಗಾವಲು ಖಾಲಿ. ಅಣ್ಣ ಲಾಳದಕ್ಕನ ಕಡೆ ನೋಡದೆ ಗುಡ್ಡದತ್ತ ಹೆಜ್ಜೆ ಹಾಕಿದ. ಬೈದಿದ್ದರೇ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ತಗ್ಗಿನ ಕಡೆಯಿಂದ ಕೆನೆತ ಕೇಳಿಸಿತು. ಬಿದ್ದೆದ್ದು ಓಡಿ ದಿಬ್ಬದ ಮೇಲೆ ನಿಂತು ನೋಡಿದರೆ, ಕೆಳಗೆ ಕುದುರೆಗಳು ಬಾಲ ಹೊರಗೆ ಮಾಡಿ ಉಂಗುರದ ಹಾಗೆ ನಿಂತಿವೆ, ನಡುವೆ ಮರಿ. ಮೂರು ತೋಳಗಳು ಸುತ್ತು ಹೊಡೆಯುತ್ತಿವೆ. ಅಣ್ಣ ತಗಡು ಎತ್ತಿದ. ಲಾಳದಕ್ಕ ಅವನ ಕೈ ಗಟ್ಟಿಯಾಗಿ ಹಿಡಿದಳು.

"ಬೇಡ. ಸದ್ದಿಗೆ ಬೆದರಿ ಚೆದುರಿದ್ರೆ ಮರಿ ಹೋಯ್ತು. ಅವಳಿಗೆ ಬಿಡು."

ಅಣ್ಣನ ಕೈಯ ತಗಡು ಮೆಲ್ಲಗೆ ಕೆಳಗಿಳಿಯಿತು.

ದೊಡ್ಡ ತೋಳ ನೆಲಕ್ಕೆ ಹೊಟ್ಟೆ ಹಚ್ಚಿ ಮರಿಯತ್ತ ನುಗ್ಗಿತು. ಯಜಮಾನಿ ಗಿರಕ್ಕನೆ ತಿರುಗಿ ಎರಡೂ ಹಿಂಗಾಲು ಝಾಡಿಸಿತು. ತೋಳ ಮೂಟೆಯ ಹಾಗೆ ಎರಡು ಮಾರು ಆಚೆ ಹೋಗಿ ಬಿತ್ತು. ಅದು ಏಳುವ ಮೊದಲೇ ಯಜಮಾನಿ ಕಿವಿ ಹಿಂದಕ್ಕೊತ್ತಿ, ಹಲ್ಲು ಕಿರಿದು, ಮುಂಗಾಲೆತ್ತಿ ಮೇಲೇರಿ ಬಂತು. ಮೂರೂ ತೋಳಗಳು ಬಾಲ ಮುದುರಿಕೊಂಡು, ಒಂದು ಕುಂಟುತ್ತ, ಗುಡ್ಡದ ಆಚೆ ಮಾಯವಾದವು.

"ಹಾಕು ಇನ್ನೊಂದು!" ಎಂದು ಅಣ್ಣ ಕೂಗಿದ ಕೂಗಿಗೆ ಮನೆಯಿಂದ ಅತ್ತಿಗೆ ಗಾಬರಿಯಾಗಿ ಓಡಿಬಂದಳು. ಲಾಳದಕ್ಕ ನಗುತ್ತಿದ್ದಳು, ಕಣ್ಣೀರು ತನ್ನಷ್ಟಕ್ಕೆ ಇಳಿಯುತ್ತಿತ್ತು. ಕೆಳಗಿಳಿದು ಮರಿಯ ಮೈಯೆಲ್ಲ ತಡವಿದಳು. ಒಂದು ಗೀರೂ ಇರಲಿಲ್ಲ.

ಅಣ್ಣ ಮೆಲ್ಲಗೆ ಹತ್ತಿರ ಬಂದ. "ಹೇಳಮ್ಮಾ, ಈಗ ಏನು ಮಾಡ್ಲಿ?"

ಅವನು ತನ್ನನ್ನು ಸಲಹೆ ಕೇಳಿ ಎಷ್ಟು ಕಾಲವಾಗಿತ್ತೋ! ಅವಳು ಮೂಗೊರೆಸಿಕೊಂಡಳು. "ದಲ್ಲಾಳಿಗೆ ಫೋನ್ ಮಾಡು."

ಅಣ್ಣ ಅಲ್ಲೇ ನಿಂತು ಫೋನ್ ಮಾಡಿದ. "ಬರೋದು ಬೇಡ! ಒಂದನ್ನೂ ಕೊಡಲ್ಲ!" ಎಂದು ಗುಡ್ಡಕ್ಕೆ ಕೇಳುವಷ್ಟು ಜೋರಾಗಿ ಹೇಳಿದ. ಆ ದನಿಗೆ ಹಾಲು ಕುಡಿಯುತ್ತಿದ್ದ ಮರಿ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಕೆಚ್ಚಲಿಗೆ ಬಾಯಿ ಹಾಕಿತು.