ಬೀರಮ್ಮನ ಹಾಲಿನ ಅಳತೆ

ಹಾಲಿನ ಡೈರಿಯ ಕಂಪ್ಯೂಟರಿನಲ್ಲಿ ಆದ ಎಡವಟ್ಟನ್ನು ಕತೆಯೆಂದು ಹೇಳಹೊರಟಿರುವುದಕ್ಕೆ ಕ್ಷಮೆಯಿರಲಿ. ಹೇಳದೆ ಬಿಟ್ಟರೆ ಬೀರಮ್ಮನ ಮೇಲೆ ಬಂದ ಮಾತು ಹಾಗೇ ಉಳಿದುಬಿಡುತ್ತದೆ.

ಹಲಗೂರಿನಾಚೆಯ ಒಂದು ಹಳ್ಳಿ. ಅಲ್ಲಿನ ಡೈರಿಗೆ ಹಾಲಿನ ಗುಣ ತೋರಿಸುವ ಪ್ರೋಗ್ರಾಂ ಬರೆದುಕೊಟ್ಟವನು ಯತೀಶ್. ಮಳವಳ್ಳಿಯಲ್ಲಿ ಸಂಜೆ ಕ್ಲಾಸಿಗೆ ಹೋಗಿ ಕಲಿತವನು. ಪ್ರೋಗ್ರಾಂ ಒಂದು ಸಲ ತೆರೆದಿದ್ದರೆ ಇನ್ನೊಂದು ಸಲ ತೆರೆಯದಂತೆ ಅವನು ಮೊದಲು ತಡೆ ಇಟ್ಟಿದ್ದ. ತೆರೆದಾಗ ಒಂದು ಗುರುತಿನ ಫೈಲು ಹುಟ್ಟುತ್ತಿತ್ತು, ಮುಚ್ಚಿದಾಗ ಅಳಿಯುತ್ತಿತ್ತು. ಆದರೆ ಹಾಲು ಹಾಕುವ ಹೊತ್ತಿಗೇ ಕರೆಂಟು ಹೋಗುವ ಊರು ಅದು. ಕರೆಂಟು ಹೋದರೆ ಗುರುತು ಅಳಿಯದೆ ಉಳಿದು, ಆಮೇಲೆ ಪ್ರೋಗ್ರಾಂ ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ. ಡೈರಿ ಸೆಕ್ರೆಟರಿ ಕೆಂಪರಾಜು ಬೈದ. ಯತೀಶ್ ತಡೆಯನ್ನೇ ಕಿತ್ತುಹಾಕಿದ.

ಒಂದು ಬೆಳಿಗ್ಗೆ ಪ್ರೋಗ್ರಾಂ ತೆರೆಯುವುದು ತಡವಾಯಿತೆಂದು ಕೆಂಪರಾಜು ಮತ್ತೆ ಒತ್ತಿದ. ಪರದೆಯ ಮೇಲೆ ಒಂದರ ಹಿಂದೊಂದು ಎರಡು ತೆರೆದುಕೊಂಡವು. ಪರೀಕ್ಷೆಯ ಯಂತ್ರಕ್ಕೆ ನೀರು ಹಾಯಿಸಿ ತೊಳೆದಾಗಿನ ಅಳತೆ ಮುಂದೆ ಕಾಣುವುದರಲ್ಲಿ ಹಾಗೇ ನಿಂತಿತು. ಸಾಲಿನಲ್ಲಿ ಮೊದಲು ಬಂದ ಬೀರಮ್ಮನ ಹಾಲಿನ ಅಳತೆ ಹಿಂದೆ ಮರೆಯಾಗಿದ್ದುದಕ್ಕೆ ಹೋಯಿತು; ಕೆಂಪರಾಜು ಕಂಡದ್ದು ಬರೀ ನೀರಿನ ಅಳತೆ.

"ಏನವ್ವಾ, ಅಸ ಕರೀತೀಯೋ ಬೋರ್‌ವೆಲ್ ಕರೀತೀಯೋ?" ಅಂದ ಕೆಂಪರಾಜು. ಸಾಲು ನಕ್ಕಿತು. ಬೀರಮ್ಮ ಕ್ಯಾನಿನ ಮುಚ್ಚಳ ಒತ್ತಿ, ಸೊಂಟಕ್ಕೇರಿಸಿ ಹೊರಟಳು.

ಆಮೇಲೆ ಬಂದವರ ಹಾಲಿಗೂ ಅದೇ ಅಳತೆ ಕಂಡಾಗ, ಸಾಲಿನಲ್ಲೇ ಇದ್ದ ಯತೀಶನನ್ನು ಕರೆದರು. ಹಿಂದಿನದನ್ನು ಮುಂದಕ್ಕೆ ತಂದ ಕೂಡಲೇ ಅವನಿಗೆ ತಿಳಿಯಿತು. ಬೀರಮ್ಮನ ಹಾಲು ಅಪ್ಪಟವಾಗಿತ್ತು. ಅವಳಿನ್ನೂ ತಿರುವಿನಲ್ಲಿ ಕಾಣುತ್ತಿದ್ದಳು, ಕೂಗಬಹುದಿತ್ತು. ಅವನು ಸದ್ದಿಲ್ಲದೆ ಒಂದನ್ನು ಮುಚ್ಚಿಬಿಟ್ಟ.

ಮನೆಗೆ ಹೋದವನೇ ಕೂತು ಹೊಸ ತಡೆ ಬರೆದ: ಪ್ರೋಗ್ರಾಂ ಓಡುವಷ್ಟು ಹೊತ್ತು ಮಾತ್ರ ಇರುವಂಥದ್ದು, ಕರೆಂಟು ಹೋದರೆ ತಾನೂ ಹೋಗುವಂಥದ್ದು. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಎಂದು ಕುಗ್ಗಿಹೋದ. ಸಂಜೆ ಬೀರಮ್ಮನ ಹಟ್ಟಿಗೆ ಹೋಗಿ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ.

ಅವಳು ಹಸುವಿಗೆ ಹುಲ್ಲು ಹಾಕುತ್ತಲೇ ಕೇಳಿಸಿಕೊಂಡಳು. "ಅಲ್ಕಣ್ಲಾ, ನಗಾಡ್ದೋರು ಡೈರಿ ತಾವ್ ಅವ್ರೆ. ನನ್ನ ಅಟ್ಟೀಲಿ ಏಳುದ್ರೆ ನನ್ನ ಅಸಕ್ಕಷ್ಟೇ ಕೇಳ್ಸೋದು."

ಮರುದಿನ ಯತೀಶ್ ಸಾಲಿನ ಮುಂದೆ ನಿಂತು ಹೇಳಿದ. ಕೆಂಪರಾಜು ನೆಲ ನೋಡಿದ. ಬೀರಮ್ಮ ಬಂದಿರಲಿಲ್ಲ, ಅವಳ ಹಾಲು ಹಲಗೂರಿನ ಹೋಟೆಲಿಗೆ ಹೋಗಿತ್ತು.

ತಡೆ ಕಿತ್ತ ದಿನದಿಂದ ಆವತ್ತಿನವರೆಗೆ ಪ್ರೋಗ್ರಾಂ ಇನ್ನೆಷ್ಟು ಸಲ ಎರಡಾಗಿ ತೆರೆದಿತ್ತೋ, ಇನ್ಯಾರು ಮಾತಾಡದೆ ಕ್ಯಾನು ಹೊತ್ತು ವಾಪಸು ಹೋಗಿದ್ದರೋ, ಯತೀಶನಿಗೆ ಗೊತ್ತಿಲ್ಲ.