ಕೆರಿಯಪ್ಪನ ಸ್ಲ್ಯಾಬಿಗೆ ಬಿದ್ದ ತೂತುಗಳು

ಕೋಣಂದೂರಿನ ನಮ್ಮ ಕೇರಿಯಲ್ಲಿ ಮೊದಲು ಆರ್‌ಸಿಸಿ ಮನೆ ಕಟ್ಟಿಸಿದವನು ಕೆರಿಯಪ್ಪ. ಅರವತ್ತೇಳನೇ ಇಸವಿ ಇರಬೇಕು. ಅಲ್ಲಿಯವರೆಗೆ ನಾವೆಲ್ಲ ಹೆಂಚಿನ ಮನೆಯವರು, ತಲೆಯ ಮೇಲೆ ತೊಲೆ ಜಂತೆ ಇದ್ದವರು. ಮನೆ ನೋಡಲು ಬಂದವರನ್ನೆಲ್ಲ ಅವನು ಮಹಡಿಗೆ ಹತ್ತಿಸಿ, ಸ್ಲ್ಯಾಬಿನ ಮೇಲೆ ಕುಣಿಯಿರಿ, ಏನೂ ಆಗುವುದಿಲ್ಲ ಎನ್ನುತ್ತಿದ್ದ. ದೊಡ್ಡ ಹೊಟ್ಟೆಯ ಶಾನುಭೋಗರು ಕೂಡ ಪಂಚೆ ಎತ್ತಿ ಕಟ್ಟಿ ಕುಣಿದು, ಏದುಸಿರು ಬಿಡುತ್ತ ಮಜ್ಜಿಗೆ ಕುಡಿದು ಹೋದರು. ನಾನೂ ಕುಣಿದಿದ್ದೇನೆ. ಬೇಲಿಯಾಚೆಯ ಮನೆಯವಳು, ಒಲ್ಲೆ ಎನ್ನಲಾಗುತ್ತದೆಯೇ?

ಗಾರೆ ಕೆಲಸ ಇನ್ನೂ ಬಾಕಿ ಇರುವಾಗಲೇ ಹುಂಚದಿಂದ ಸುದ್ದಿ ಬಂತು. ಹೆರಿಗೆಗೆ ತವರಿಗೆ ಹೋಗಿದ್ದ ಸೊಸೆ ಗುತ್ಯಮ್ಮ ಸೋಮವಾರದ ಬಸ್ಸಿಗೆ ಕೂಸಿನ ಜೊತೆ ಬರುತ್ತಾಳಂತೆ. ಕೆರಿಯಪ್ಪನ ಹೆಂಡತಿ ಮಾಸ್ತಮ್ಮ ಹಳೇ ಮನೆಯ ಅಟ್ಟದಿಂದ ಮರದ ತೊಟ್ಟಿಲು ಇಳಿಸಿ, ತೊಳೆದು, ಹಗ್ಗ ಹಿಡಿದುಕೊಂಡು ಹೊಸ ಮನೆಯ ನಡುವೆ ನಿಂತು ಮೇಲೆ ನೋಡಿದಳು. ಮೇಲೆ ಏನೂ ಇಲ್ಲ. ತೊಲೆ ಇಲ್ಲ, ಜಂತೆ ಇಲ್ಲ, ಒಂದು ಕೊಕ್ಕೆಯೂ ಇಲ್ಲ. ಬೋಳು ಸಿಮೆಂಟು.

ಮನೆ ಕಟ್ಟಿದ ದುಗ್ಗಪ್ಪ ಮೇಸ್ತ್ರಿಯನ್ನು ಕರೆಸಿದ್ದಾಯಿತು. ಕಾಂಕ್ರೀಟು ಹಾಕುವಾಗಲೇ ಕೊಕ್ಕೆ ಇಡಬೇಕಿತ್ತು, ಯಾರೂ ಹೇಳಲಿಲ್ಲ ಎಂದ. ಹೇಳಬೇಕೆಂದು ಯಾರಿಗೂ ಹೊಳೆದಿರಲೇ ಇಲ್ಲ. ನಮ್ಮ ಕಡೆ ತೊಟ್ಟಿಲು, ಹಾಲಿನ ನೆಲುವು, ಬಾಳೆನಾರಲ್ಲಿ ಕಟ್ಟಿದ ಸೌತೆಕಾಯಿ ಎಲ್ಲ ತೂಗುವುದು ತೊಲೆಗೇ. ಮನೆ ಇದ್ದಲ್ಲಿ ತೊಲೆ ಇದ್ದೇ ಇರುತ್ತದೆ, ಅದನ್ನು ಬೇಕು ಅಂತ ಕೇಳಿದವರು ಯಾರಿದ್ದಾರೆ?

ದುಗ್ಗಪ್ಪ ಒಂದು ದಾರಿ ಹೇಳಿದ. ಸ್ಲ್ಯಾಬಿಗೆ ಎರಡು ತೂತು ಹೊಡೆದು, ಹಗ್ಗ ಮೇಲಕ್ಕೆ ತೂರಿಸಿ, ಮಹಡಿಯಲ್ಲಿ ಅಡ್ಡಲಾಗಿ ಇಟ್ಟ ಒನಕೆಗೆ ಕಟ್ಟುವುದು. ಕೆರಿಯಪ್ಪನ ಮುಖ ಕಪ್ಪಿಟ್ಟಿತು.

"ನನ್ನ ಸ್ಲ್ಯಾಬಿಗೆ ತೂತಾ? ಕೂಸು ನೆಲದ ಮೇಲೆ ಮಲಗ್ಲಿ. ಸಿಮೆಂಟು ನೆಲ, ತಂಪಿರ್ತದೆ."

"ನಿಮ್ಮವ್ವ ನಿಮ್ಮನ್ನ ತೂಗಿದ್ದು ಇದೇ ತೊಟ್ಲಲ್ಲಿ," ಎಂದಳು ಮಾಸ್ತಮ್ಮ. "ತಲೆ ಮಾತ್ರ ಯಾವಾಗ್ಲೋ ನೆಲಕ್ಕೆ ತಾಗಿರ್ಬೇಕು."

ಕೊನೆಗೆ ಮಾಸ್ತಮ್ಮನ ಮಾತೇ ನಡೆಯಿತು. ತೂತು ಬಿದ್ದ ಸ್ಲ್ಯಾಬಿನ ಕೆಳಗೆ ಕಾಲಿಡುವುದಿಲ್ಲ ಎಂದು ಆಣೆ ಹಾಕಿ, ಕೆರಿಯಪ್ಪ ಚಾಪೆ ಕಂಬಳಿ ಸುತ್ತಿಕೊಂಡು ಹೊರಗಿನ ಮೆಟ್ಟಿಲು ಹತ್ತಿ ಮಹಡಿ ಸೇರಿದ. ತೂತು ಹೊಡೆಯುವುದೂ ಮಹಡಿಯಿಂದಲೇ ಎಂದು ಅವನಿಗೆ ಗೊತ್ತಾದದ್ದು, ದುಗ್ಗಪ್ಪ ಚಾಣ ಸುತ್ತಿಗೆ ಹಿಡಿದು ಬಂದು ಅವನ ಚಾಪೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಾಗ.

ಟಣ್ ಟಣ್ ಸದ್ದು ಇಡೀ ಕೇರಿಗೆ ಕೇಳಿತು. ತೂತು ಎಲ್ಲಿ ಇಳಿಯುತ್ತದೆಂದು ನೋಡಲು ಮಗ ಸೀತಾರಾಮಪ್ಪ ಬಿರುಬೇಸಿಗೆಯಲ್ಲಿ ಮಳೆಗಾಲದಲ್ಲಿ ಹೊದೆಯುವ ಬಿದಿರಿನ ಗೊರಬು ತಲೆ ಮೇಲೆ ಹಾಕಿಕೊಂಡು ಕೆಳಗೆ ನಿಂತಿದ್ದ. ಮೊದಲನೆಯದು ಸಲೀಸಾಗಿ ಇಳಿಯಿತು. ಎರಡನೆಯದರಲ್ಲಿ ಕಬ್ಬಿಣದ ಸರಳು ಅಡ್ಡ ಬಂತು. ಆಚೀಚೆ ಕೆದಕಿ ತೂತು ಅಂಗೈ ಅಗಲವಾಯಿತು, ಸರಳು ಮಾತ್ರ ನಟ್ಟನಡುವೆ ಹಾಗೇ ಉಳಿಯಿತು. ಕಡಿದುಬಿಡಲಾ ಎಂದು ದುಗ್ಗಪ್ಪ ಕೇಳಿದ್ದಕ್ಕೆ, ಕಡಿದರೆ ನಿನ್ನನ್ನೂ ಇದೇ ತೂತಲ್ಲಿ ಕೆಳಗಿಳಿಸುತ್ತೇನೆ ಎಂದ ಕೆರಿಯಪ್ಪ. ಅದನ್ನು ಬಿಟ್ಟು ಆಚೆಗೆ ಮತ್ತೊಂದು ಹೊಡೆದರು. ತೊಟ್ಟಿಲಲ್ಲಿ ಅರ್ಧ ಚೀಲ ಭತ್ತ ಇಟ್ಟು ತೂಗಿ ನೋಡಿದರು. ಒನಕೆ ಮಿಸುಕಲಿಲ್ಲ.

ಸೋಮವಾರ ಕೂಸು ಬಂತು, ಹೆಣ್ಣುಕೂಸು. ತೊಟ್ಟಿಲಿಗೆ ಹಾಕಿದ್ದೇ ತಡ, ಅಳು ಶುರುವಾಯಿತು. ಗುತ್ಯಮ್ಮ ತೂಗಿದಳು, ಮಾಸ್ತಮ್ಮ ಜೋಗುಳ ಹಾಡಿದಳು, ನಾನು ಗಿಲಕಿ ಆಡಿಸಿದೆ. ಅದರ ದನಿ ಏರುತ್ತಲೇ ಹೋಯಿತು. ಮೇಲೆ ಕೆರಿಯಪ್ಪ ಅತ್ತಿಂದಿತ್ತ ತಿರುಗುವುದು ಕೇಳುತ್ತಿತ್ತು. ಆಮೇಲೆ ಹೆಜ್ಜೆ ಸದ್ದು ನಿಂತಿತು. ಕೂಸು ಬಿಕ್ಕಿ, ಬಾಯಿ ಮುಚ್ಚಿ, ಮೇಲೆ ನೋಡಿ ಕಿಲಕಿಲ ನಕ್ಕಿತು. ನಾವೂ ತಲೆ ಎತ್ತಿದೆವು. ಸರಳಿನ ತೂತಲ್ಲಿ ಒಂದು ಕಣ್ಣು.

"ಏನ್ ಮಾಡ್ತಿದೀರಿ ಅಲ್ಲಿ?" ಎಂದಳು ಮಾಸ್ತಮ್ಮ.

"ಸ್ಲ್ಯಾಬು ಬಿರುಕು ಬಿಟ್ಟಿದೆಯಾ ಅಂತ ನೋಡ್ತಿದೀನಿ."

ಆ ವಾರವಿಡೀ ಅವನು ಬೋರಲು ಮಲಗಿ ಬಿರುಕು ನೋಡಿದ. ಗಂಜಿ ಮೇಲಕ್ಕೇ ಹೋಗುತ್ತಿತ್ತು. ಕಣ್ಣು ಸರಿದರೆ ಕೂಸು ಅಳುತ್ತಿತ್ತು, ಬಂದರೆ ನಗುತ್ತಿತ್ತು.

ಒಂದು ಬೆಳಿಗ್ಗೆ ಕೆರಿಯಪ್ಪ ತಾನಾಗಿ ದುಗ್ಗಪ್ಪನಿಗೆ ಹೇಳಿಕಳಿಸಿದ. ತೂತು ಮುಚ್ಚಿಸುತ್ತಾನೆಂದೇ ಮಾಸ್ತಮ್ಮ ತಿಳಿದಳು. ಕೂಸನ್ನೆತ್ತಿ ನನ್ನ ಕೈಗೆ ಕೊಟ್ಟು, ಖಾಲಿ ತೊಟ್ಟಿಲನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಳು. ಮೇಲಿನ ಮಾತು ತೂತುಗಳಿಂದ ಕೆಳಗೆ ಚೆನ್ನಾಗಿಯೇ ಕೇಳುತ್ತಿತ್ತು.

"ಈ ಸರಳು ಅಡ್ಡ ಬರ್ತದೆ ಮಾರಾಯ. ಕೂಸಿನ ಮೂಗೇ ಕಾಣಲ್ಲ. ಪಕ್ಕದಲ್ಲಿ ಇನ್ನೊಂದು ಹೊಡಿ, ಸ್ವಲ್ಪ ದೊಡ್ಡದೇ ಇರ್ಲಿ."

ಮಾಸ್ತಮ್ಮ ತೊಟ್ಟಿಲು ಬಿಟ್ಟಳು. "ಇಳಿದು ಬಂದು ನೋಡ್ಬಾರ್ದಾ?"

"ತೂತು ಬಿದ್ದ ಸ್ಲ್ಯಾಬಿನ ಕೆಳಗೆ ಕಾಲಿಡಲ್ಲ ಅಂದಿದೀನಲ್ಲ."

ದುಗ್ಗಪ್ಪ ಚಾಣ ಮಸೆಯತೊಡಗಿದ. ಹೇಗೂ ಬಂದಿದ್ದೀಯಲ್ಲ, ಅಡುಗೆಮನೆಯ ಮೇಲೆ ಸೌತೆಕಾಯಿ ತೂಗಲಿಕ್ಕೂ ಒಂದೆರಡು ಇರಲಿ ಎಂದು ಮಾಸ್ತಮ್ಮ ಕೆಳಗಿನಿಂದ ಕೂಗಿ ಹೇಳಿದಳು. ಮೇಲೆ ಕೆರಿಯಪ್ಪ ಚಾಪೆ ಸರಿಸಿ ಜಾಗ ಮಾಡಿಕೊಟ್ಟ ಸದ್ದು ಕೇಳಿತು. ಸೀತಾರಾಮಪ್ಪ ಗೊರಬು ಹುಡುಕಲು ಹೋದ.