ಅತ್ತಿಗೆಯ ಮುಖದ ಅಳತೆ

ಶ್ರದ್ಧಾ ಮೌಸ್ ಒತ್ತಿ ಹಿಡಿದು ಅಣ್ಣನ ಮುಖವನ್ನು ಮೂಲೆಯಿಂದ ಎಳೆಯುತ್ತಿದ್ದಳು. ಪರದೆಯ ಮೇಲೆ ಅದು ಹಿಗ್ಗಿದಷ್ಟೂ ಪಕ್ಕದ ಅತ್ತಿಗೆಯ ಚಿತ್ರ ಬ್ಯಾನರಿನ ಅಂಚಿಗೆ ಸರಿಯುತ್ತಿತ್ತು.

"ಇನ್ನೂ ಸ್ವಲ್ಪ ದೊಡ್ಡದು ಮಾಡು ಮಾರಾಯ್ತಿ," ಬೆನ್ನ ಹಿಂದೆ ನಿಂತಿದ್ದ ಸರ್ವೋತ್ತಮ ಹೇಳಿದ. "ಸ್ಟೇಷನ್ ಬ್ರಿಜ್ಜಿನಿಂದ ಕಾಣಬೇಕು."

"ಅಣ್ಣ, ಇಲೆಕ್ಷನ್‌ಗೆ ನಿಂತದ್ದು ಅತ್ತಿಗೆ ಅಲ್ವಾ?"

"ವಾರ್ಡು ಮಹಿಳಾ ಮೀಸಲಿಗೆ ಹೋಯ್ತು, ಅದಕ್ಕೆ ಅವಳು. ಡೊಂಬಿವಲಿಯಲ್ಲಿ ಅವಳ ಗುರ್ತ ಯಾರಿಗುಂಟು? ಎಲ್ಲ ಕಡೆ ಹೀಗೇ. ಗಂಡ ದೊಡ್ಡದು, ಹೆಂಡತಿ ಪಕ್ಕದಲ್ಲಿ ಕೈಮುಗಿದುಕೊಂಡು."

ಕುರ್ಚಿಯಲ್ಲಿ ಕಾಲು ನೀವಿಕೊಳ್ಳುತ್ತಿದ್ದ ಅತ್ತಿಗೆ ಉಮಾವತಿ ನಕ್ಕಳು. "ನಮ್ಮ ಮದುವೆ ಆಲ್ಬಮ್‌ನಲ್ಲೂ ಇವರದ್ದೇ ದೊಡ್ಡ ಫೋಟೊ. ನಾನು ಹೂವಿನ ಹಿಂದೆ ಎಲ್ಲೋ ಇದ್ದೇನೆ."

ಸರ್ವೋತ್ತಮ ತನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಹೋದ. ಹೋಟೆಲಿನ ಹಿಂದಿನ ಈ ಕೋಣೆಯನ್ನು, ಶ್ರದ್ಧಾಳ ಗಂಡ ತೀರಿಕೊಂಡ ಮೇಲೆ, ಅವಳ ಡಿಸೈನ್ ಕೆಲಸಕ್ಕೆಂದು ಅವನೇ ಬಿಟ್ಟುಕೊಟ್ಟಿದ್ದ.

ಅತ್ತಿಗೆ ದನಿ ತಗ್ಗಿಸಿದಳು. "ಬೆಳಿಗ್ಗೆ ಒಂದು ಮನೆಯಲ್ಲಿ ಒಬ್ಬ ಹೆಂಗಸು ಪಾಂಪ್ಲೆಟ್ ನೋಡಿ ನಿನ್ನ ಅಣ್ಣನಿಗೇ ನಮಸ್ಕಾರ ಮಾಡಿದಳು. 'ಉಮೇದವಾರ್ ತುಮೀಚ್ ನಾ?' ಅಭ್ಯರ್ಥಿ ನೀವೇ ಅಲ್ವಾ ಅಂತ ಕೇಳಿದಳು. ಇವರು ಹೌದು ಅಂದರು! ನಾನು ಎದುರಿಗೇ ನಿಂತಿದ್ದೆ. ನೀರಿನ ಟ್ಯಾಂಕರ್ ವಿಷಯ ಹೇಳ್ಬೇಕೂಂತ ನಿನ್ನೆಯಿಂದ ಮರಾಠಿ ಬಾಯಿಪಾಠ ಮಾಡಿದ್ದೆ."

"ಮತ್ತೆ ಹೇಳಿದ್ರಾ?"

"ಎಂತ ಹೇಳುವುದು? ಅವಳು ಬಾಗಿಲು ಹಾಕಿ ಆಗಿತ್ತು."

ಅತ್ತಿಗೆ ಹೋದ ಮೇಲೆ ಶ್ರದ್ಧಾಳಿಗೆ ಕೂರಲಾಗಲಿಲ್ಲ. ಫ್ಯಾನಿನ ವೇಗ ಹೆಚ್ಚಿಸಿದಳು, ಮತ್ತೆ ತಗ್ಗಿಸಿದಳು. ತಂದಿಟ್ಟ ಚಹಾ ಕೆನೆಗಟ್ಟಿತು. ಅತ್ತಿಗೆಯ ಹಳೆಯ ಫೋಟೊಗಳನ್ನು ತೆರೆದಳು. ಹೌಸಿಂಗ್ ಸೊಸೈಟಿ ಮೀಟಿಂಗಿನದೊಂದು ಸಿಕ್ಕಿತು. ಅದರಲ್ಲಿ ಅತ್ತಿಗೆ ಕೈಮುಗಿದಿರಲಿಲ್ಲ. ಖಾಲಿ ಕೊಡವನ್ನು ಎತ್ತಿ ಹಿಡಿದು ಯಾರನ್ನೋ ದಬಾಯಿಸುತ್ತಿದ್ದಳು.

ಹೊಸ ಫೈಲು ತೆರೆದು ಅದನ್ನು ಬ್ಯಾನರಿನ ತುಂಬ ಹಿಗ್ಗಿಸಿದಳು. ಅಣ್ಣನ ಮುಖವನ್ನು ಕುಗ್ಗಿಸುತ್ತ ಬಂದು ಕೆಳಗೆ, ಶುಭೇಚ್ಛುಕರ ಸಣ್ಣ ಸಣ್ಣ ಮುಖಗಳ ಸಾಲಿನಲ್ಲಿ, ಮೊದಲನೆಯದಾಗಿ ಕೂರಿಸಿದಳು. ಈಗ ಪರದೆಯ ಮೇಲೆ ಎರಡು ಫೈಲುಗಳಿದ್ದವು.

ಫೋನು ಬಡಿದುಕೊಂಡಿತು. "ಆಯ್ತಾ?" ಅಣ್ಣನ ದನಿಯ ಹಿಂದೆ ಲೋಟಗಳ ಸದ್ದು. "ಪ್ರೆಸ್ಸಿನವರು ಕಾಯ್ತಿದ್ದಾರೆ. ನಾಳೆ ಬೆಳಗಾಗುವಾಗ ಎಲ್ಲ ಕಂಬದಲ್ಲಿ ಇರ್ಬೇಕು."

"ಈಗ ಕಳಿಸ್ತೇನೆ ಅಣ್ಣ."

ಮೇಜಿನ ಮೇಲೆ ಕೋಣೆಯ ಬೀಗದ ಕೈ ಇತ್ತು. ನಾಳೆ ಅವನು ಕೈಚಾಚಿದರೆ ಕೊಡಬೇಕಾಗುತ್ತದೆ. ಅದನ್ನು ಕಣ್ಣಿಗೆ ಕಾಣುವಂತೆ ಮುಂದಕ್ಕೆ ಸರಿಸಿಟ್ಟು, ಶ್ರದ್ಧಾ ಎರಡನೆಯ ಫೈಲನ್ನು ಪ್ರೆಸ್ಸಿಗೆ ಕಳಿಸಿದಳು. ಆಮೇಲೆ ತಣ್ಣಗಾದ ಚಹಾವನ್ನು ಕೆನೆ ಸಮೇತ ಕುಡಿದಳು.